ಟೈಮ್‌ಶಿಫ್ಟ್: ಭಾವನ ಬೆಲ್ಲದ ಮಂಡಿಯ ಕಂಪ್ಯೂಟರ್ ಎಬ್ಬಿಸಿದ ಸಾಫ್ಟ್‌ವೇರ್

ಮಂಡ್ಯದಲ್ಲಿ ನಮ್ಮ ಭಾವನ ಬೆಲ್ಲದ ಮಂಡಿ ಇದೆ. ಲೆಕ್ಕವೆಲ್ಲ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿರುವ ಒಂದು ಹಳೇ ಕಂಪ್ಯೂಟರಿನಲ್ಲಿ. ಹೋದ ತಿಂಗಳು ಕರ್ನಲ್ (ಸಿಸ್ಟಮ್ಮಿನ ತಿರುಳು) ಅಪ್‌ಡೇಟ್ ಅರ್ಧಕ್ಕೆ ಬಂದಿದ್ದಾಗ ಕರೆಂಟ್ ಹೋಯಿತು, ಮತ್ತೆ ಆನ್ ಮಾಡಿದರೆ ಕರ್ನಲ್ ಪ್ಯಾನಿಕ್, ಸಿಸ್ಟಮ್ ಶುರುವಾಗದೆ ನಿಂತುಬಿಟ್ಟಿತು. ಬೂಟ್ ಶುರುಮಾಡುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿದರೂ ಲಾಗಿನ್ ತನಕ ಬರಲಿಲ್ಲ. "ಲೆಕ್ಕ ಎಲ್ಲ ಹೋಯ್ತೇನೋ?" ಅಂತ ಭಾವ ಫೋನ್ ಮಾಡಿದರು. ನಾನು ಮೈಸೂರಿನಿಂದ ಮಿಂಟ್ ಪೆನ್‌ಡ್ರೈವ್ ಹಿಡಿದು ಬಸ್ ಹತ್ತಿದೆ.

ಪುಣ್ಯಕ್ಕೆ ಟೈಮ್‌ಶಿಫ್ಟ್ ಮೊದಲೇ ಹೊಂದಿಸಿಟ್ಟಿದ್ದೆ. ಅದು ಸಿಸ್ಟಮ್ ಫೈಲುಗಳ ನಕಲು, ಅಂದರೆ ಸ್ನ್ಯಾಪ್‌ಶಾಟ್, ತೆಗೆದಿಟ್ಟು, ಕೆಟ್ಟಾಗ ಆ ಸ್ಥಿತಿಗೆ ವಾಪಸ್ ತರುತ್ತದೆ (ರಿಸ್ಟೋರ್). ಟೋನಿ ಜಾರ್ಜ್ ಬರೆದ ಈ ಸಾಫ್ಟ್‌ವೇರನ್ನು 2022ರಿಂದ ಮಿಂಟ್ ತಂಡವೇ ನೋಡಿಕೊಳ್ಳುತ್ತಿದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಸ್ನ್ಯಾಪ್‌ಶಾಟ್‌ಗಳಿದ್ದ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಅಪ್‌ಡೇಟಿಗೆ ಹಿಂದಿನ ದಿನದ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಒತ್ತಿದೆ. ಮಿಂಟ್ ಪೆನ್‌ಡ್ರೈವಿನಲ್ಲಿ ಇದು ಮೊದಲೇ ಇರುತ್ತದೆ, ಹುಡುಕಿ ಹಾಕುವ ಕೆಲಸವಿಲ್ಲ. ಗ್ರಬ್ ಮತ್ತೆ ಹಾಕಲೇ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲು) ಹೊಸದು ಮಾಡಲೇ ಅಂತ ಅದೇ ಆಯ್ಕೆ ಕೊಡುತ್ತದೆ, ಎರಡಕ್ಕೂ ಟಿಕ್ ಮಾಡಿ. ಒಂದು ಮಾತು: ಸಿಸ್ಟಮ್ ಯುಇಎಫ್‌ಐನಲ್ಲಿ (ಹೊಸ ಕಂಪ್ಯೂಟರುಗಳ ಬೂಟ್ ವಿಧಾನ) ಇನ್‌ಸ್ಟಾಲ್ ಆಗಿದ್ದರೆ ಪೆನ್‌ಡ್ರೈವನ್ನೂ ಯುಇಎಫ್‌ಐನಲ್ಲೇ ಬೂಟ್ ಮಾಡಬೇಕು, ಇಲ್ಲದಿದ್ದರೆ ಗ್ರಬ್ ಹಾಕುವ ಹೊತ್ತಿಗೆ ಕೈಕೊಡುತ್ತದೆ. ಸಂಜೆಗೆ ಮೊದಲು ಕಂಪ್ಯೂಟರ್ ಎದ್ದಿತು. ಭಾವ ಕಾಫಿ ತರಿಸಿದರು.

ನಿಜವಾದ ಪಾಡು ಪಟ್ಟಿದ್ದು ಮೈಸೂರಿಗೆ ಬಂದಮೇಲೆ, ನನ್ನದೇ ಲ್ಯಾಪ್‌ಟಾಪಿನಲ್ಲಿ. ಡಿಸ್ಕ್ ಬದಲಿಸಿ ಹೊಸ ಎಸ್‌ಎಸ್‌ಡಿಗೆ ರಿಸ್ಟೋರ್ ಮಾಡಿದೆ. ರಿಸ್ಟೋರ್ ಸರಿಯಾಗೇ ಮುಗಿಯಿತು, ಆದರೆ ಬೂಟ್ ಆಗುವಾಗ ಒಂದೂವರೆ ನಿಮಿಷ ಸುಮ್ನೆ ನಿಂತು, ಕೊನೆಗೆ ಎಮರ್ಜೆನ್ಸಿ ಮೋಡ್, ರಿಪೇರಿಗೆ ಅಂತ ಬರೀ ಕಮಾಂಡ್ ಪರದೆ! ತೆಗೆದಿಟ್ಟ ಹಳೇ ಡಿಸ್ಕಿನಲ್ಲಿ ಡೇಟಾಗೆ ಅಂತ ಒಂದು ಪಾರ್ಟಿಷನ್ ಇತ್ತು, ಅದರ ಯುಯುಐಡಿ (ಗುರುತಿನ ನಂಬರು) ಇರುವ ಸಾಲು, ಯಾವ್ಯಾವ ಡಿಸ್ಕ್ ಜೋಡಿಸಬೇಕು ಅಂತ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಾಗೇ ಉಳಿದಿತ್ತು, ಇಲ್ಲದ ಡಿಸ್ಕಿಗೆ ಬೂಟ್ ನಡೆಸುವ ಸಿಸ್ಟಮ್‌ಡಿ ಕಾಯುತ್ತಾ ಕೂತಿತ್ತು. ಆ ಸಾಲಿನ ಮುಂದೆ ಹ್ಯಾಶ್ (#) ಗುರುತು ಹಾಕಿ ಅದನ್ನು ಲೆಕ್ಕಕ್ಕಿಲ್ಲದ ಹಾಗೆ ಮಾಡಿದ ಮೇಲೆ ಸರಿಹೋಯಿತು. ಹಾಗಾಗಿ ಹೊಸ ಡಿಸ್ಕಿಗೆ ರಿಸ್ಟೋರ್ ಮಾಡಿದರೆ, ರೀಬೂಟ್ ಒತ್ತುವ ಮೊದಲು ಯುಯುಐಡಿ ತೋರಿಸುವ ಬಿಎಲ್‌ಕೆಐಡಿ ಕಮಾಂಡ್ ಕೊಟ್ಟು ಬರುವ ನಂಬರುಗಳನ್ನು ಎಫ್‌ಎಸ್‌ಟ್ಯಾಬಿನ ಜೊತೆ ಒಂದೊಂದಾಗಿ ತಾಳೆ ನೋಡಿ. ಯಾವಾಗಲೂ ಸಿಕ್ಕಿಸಿರದ ಡಿಸ್ಕಿನ ಸಾಲಿಗೆ ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಿಸಬೇಡ ಅನ್ನುವ ಆಯ್ಕೆ) ಸೇರಿಸಿ.

ಟೈಮ್‌ಶಿಫ್ಟಿನ ಎರಡು ಮೋಡುಗಳಲ್ಲಿ ಫೈಲುಗಳನ್ನು ಕಾಪಿ ಮಾಡಿಡುವ ಆರ್‌ಸಿಂಕ್ ಮೋಡೇ ನನಗೆ ಇಷ್ಟ. ಮೊದಲ ಸ್ನ್ಯಾಪ್‌ಶಾಟ್ ಜಾಸ್ತಿ ಜಾಗ ತಿನ್ನುತ್ತದೆ, ಆಮೇಲಿನವಕ್ಕೆ ಬದಲಾದ ಫೈಲುಗಳಷ್ಟೇ ಹೊಸದಾಗಿ ಸೇರುತ್ತವೆ, ಉಳಿದವು ಹಾರ್ಡ್ ಲಿಂಕ್, ಅಂದರೆ ಮೊದಲೇ ಇರುವ ಫೈಲಿಗೆ ಇನ್ನೊಂದು ಹೆಸರಷ್ಟೇ. ಬಿಟಿಆರ್‌ಎಫ್‌ಎಸ್ ಅನ್ನುವ ಡಿಸ್ಕ್ ಫಾರ್ಮ್ಯಾಟಿಗೆ ಇರುವ ಮೋಡ್ ಬಲು ಬೇಗ, ಆದರೆ ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿ ಇರುವುದರಿಂದ ಡಿಸ್ಕ್ ಹೋದರೆ ಅದೂ ಹೋಯಿತು, ಅಲ್ವಾ? ಹೊರಗಿನ ಡಿಸ್ಕ್ ಇಎಕ್ಸ್‌ಟಿ4 ಥರದ ಲಿನಕ್ಸ್ ಫಾರ್ಮ್ಯಾಟಿನಲ್ಲೇ ಇರಬೇಕು, ವಿಂಡೋಸಿನ ಎನ್‌ಟಿಎಫ್‌ಎಸ್ ನಡೆಯುವುದಿಲ್ಲ.

ಇನ್ನೊಂದು, ನಮ್ಮ ಸ್ವಂತ ಫೈಲುಗಳಿರುವ ಹೋಮ್ ಫೋಲ್ಡರನ್ನು ಟೈಮ್‌ಶಿಫ್ಟ್ ತಾನಾಗಿ ಬ್ಯಾಕಪ್ ಮಾಡುವುದಿಲ್ಲ. ಇದನ್ನು ದೂರು ಅನ್ನಲಾರೆ. ಸಿಸ್ಟಮ್ ಹಿಂದಕ್ಕೆ ಹೋದರೂ ಭಾವನ ಆವತ್ತಿನ ಲೆಕ್ಕ ಉಳಿದದ್ದು ಅದರಿಂದಲೇ. ಈಗ ಲೆಕ್ಕದ ಫೈಲನ್ನು ಅಕ್ಕ ದಿನಾ ಸಂಜೆ ಮಂಡಿ ಮುಚ್ಚುವ ಮೊದಲು ಬೇರೆ ಪೆನ್‌ಡ್ರೈವಿಗೆ ಕಾಪಿ ಮಾಡುತ್ತಾಳೆ.