ಬೆಲೆಯ ಚೀಟಿಯ ಕೆಳಗೆ ಏನಿದೆ ಎಂದು ನೋಡದೆ ಪೇಲ್ ಏಲ್ ಕೊಳ್ಳಬೇಡಿ

ಬಳ್ಳಾರಿಯಲ್ಲೂ ಅಮೆರಿಕದ ಪೇಲ್ ಏಲ್ ಎಂಬ ಬೀರು ಸಿಕ್ಕಿತೆಂದು ನನ್ನ ಹಾಗೆ ಹಿಗ್ಗಿ ಹಣ ಕೊಡುವ ಮುನ್ನ ಇದನ್ನು ಓದಿ. ಆರು ಬಾಟಲಿ, ಒಂದಕ್ಕೆ 420 ರೂಪಾಯಿ, ಒಟ್ಟು 2,520. ಹಣ ಹೋದದ್ದು ಇರಲಿ. ಭಾವನವರ ಮುಂದೆ ಆ ರಾತ್ರಿ ನಾನು ಆಡಿದ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ಈ ಬೀರಿನ ರುಚಿ ಹತ್ತಿತ್ತು. ಊರಿಗೆ ಮರಳಿದ ಮೇಲೆ ಕಣ್ಣಿಗೆ ಬಿದ್ದಿರಲಿಲ್ಲ. ಮೇ ತಿಂಗಳ ಒಂದು ಶನಿವಾರ ನಗರದ ಮದ್ಯದಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಕಂದು ಬಾಟಲಿಗಳು ಸಾಲಾಗಿ ನಿಂತಿದ್ದವು. ಫ್ರಿಜ್ಜಿನಲ್ಲಲ್ಲ, ಬೀದಿಗೆ ಮುಖಮಾಡಿದ ಕಪಾಟಿನಲ್ಲಿ. ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

"ಹೊಸ ಮಾಲೇ?" ಎಂದು ಕೇಳಿದೆ.

"ಮೊನ್ನೆ ಬಂದದ್ದು ಸಾರ್. ಇಂಥದ್ದನ್ನು ಗೊತ್ತಿದ್ದು ಕೇಳುವವರು ಈ ಊರಿನಲ್ಲಿ ನೀವೊಬ್ಬರೇ" ಎಂದ ಅಂಗಡಿಯವನು. ಆ ಕೊನೆಯ ಮಾತಿಗೆ ನಾನು ಬಿದ್ದೆ. ಬಿಲ್ ಕೇಳಲಿಲ್ಲ. ಮೊಬೈಲಿನಲ್ಲಿ ಹಣ ಕಳುಹಿಸಿ ಚೀಲ ಹಿಡಿದು ಹೊರಟೆ.

ರಾಯಚೂರಿನಿಂದ ಭಾವ ಬಂದಿದ್ದರು, ಜೊತೆಗೆ ಅವರ ಗೆಳೆಯರೊಬ್ಬರು. ಮಿರ್ಚಿಯ ತಟ್ಟೆ ಎದುರಿಗೇ ಇತ್ತು. ಖಾರ ತಿಂದರೆ ನಾಲಿಗೆ ಕೆಡುತ್ತದೆ, ಮೊದಲ ಗುಟುಕಿನವರೆಗೆ ಯಾರೂ ಮುಟ್ಟಬೇಡಿ ಎಂದು ತಡೆದೆ. ಬಾಟಲಿಯಿಂದ ನೇರ ಕುಡಿಯಬಾರದು, ಗ್ಲಾಸಿಗೆ ಸುರಿಯಬೇಕು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಏಳರಿಂದ ಹತ್ತು ಡಿಗ್ರಿ ಸಾಕು ಎಂದೆಲ್ಲ ಹೇಳಿದೆ. 1972ರಲ್ಲಿ ಅಮೆರಿಕದ ಆರೆಗಾನ್‌ನಿಂದ ಬಂದ ಕ್ಯಾಸ್ಕೇಡ್ ಎಂಬ ಹಾಪ್ಸ್ (ಬೀರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಯ ಹೂ) ತಳಿಯ ಕಥೆ, 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡಾ ಎಂಬ ಬೀರಿನ ಕಂಪನಿ ಆ ಹಾಪ್ಸ್ ನೆಚ್ಚಿಕೊಂಡೇ ತನ್ನ ಪೇಲ್ ಏಲ್ ತಯಾರಿಸಿದ ಕಥೆ, ಎಲ್ಲವನ್ನೂ ಒಪ್ಪಿಸಿದೆ. (ನಾನು ಕೊಂಡದ್ದು ಅವರದಲ್ಲ, ಬೇರೆ ಕಂಪನಿಯದು. ತಯಾರಿಸಿದವರ ಮೇಲೆ ನನ್ನ ದೂರೂ ಇಲ್ಲ.) ಮೂಗಿಗೆ ಹಿಡಿದ ಕೂಡಲೇ ಚಕ್ಕೋತದ ಸಿಪ್ಪೆ ಸುಲಿದ ಹಾಗೆ ಬರುತ್ತದೆ, ಹಿಂದೆಯೇ ಪೈನ್ ಮರದ ಅಂಟಿನ ವಾಸನೆ, ನೋಡುತ್ತಿರಿ ಎಂದೆ.

ಗ್ಲಾಸನ್ನು ಮೂಗಿಗೆ ಹಿಡಿದೆ. ಚಕ್ಕೋತವಿಲ್ಲ. ಕಿತ್ತಳೆಯಿಲ್ಲ. ಪೈನ್ ಇಲ್ಲ. ಮತ್ತೊಮ್ಮೆ ಅಲುಗಾಡಿಸಿ ಹಿಡಿದೆ. ಏನೂ ಇಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಜೇನಿನ ಪರಿಮಳ ಬರುತ್ತಿದೆಯಲ್ಲ, ಅದು ಮಾಲ್ಟಿನದು, ಮೊಳಕೆ ಬರಿಸಿದ ಬಾರ್ಲಿಯದು" ಎಂದೆ. ಸುಳ್ಳು ಹೇಳಿದೆ. ಆ ಕ್ಷಣ ನನ್ನ ನಾಲಿಗೆಯ ಮೇಲೆಯೇ ನನಗೆ ಅನುಮಾನ ಬಂದಿತ್ತು, ರುಚಿ ಮರೆತೆನೇನೋ ಎಂದುಕೊಂಡೆ.

ಭಾವ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟರು. "ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ಹಾಗಿದೆಯಲ್ಲಪ್ಪ. ಬೆಂಗಳೂರಿನಲ್ಲಿ ಇದಕ್ಕೇ ಅಷ್ಟು ಹಣ ಕೊಡುತ್ತಿದ್ದೆಯಾ?" ಎಂದರು. ಜನ್ಮದಲ್ಲಿ ಮೊದಲ ಸಲ ಪೇಲ್ ಏಲ್ ಕುಡಿದವರು ಅವರು. ಹಳಸಿದ ಬೀರನ್ನು ಗುರುತಿಸಲು ಪಳಗಿದ ರುಚಿಗಾರರು ಹೇಳುವುದೂ ಇದನ್ನೇ, ನೆನೆದ ರಟ್ಟು. ಅವರು ಸರಿಯಾಗಿ ಹೇಳಿದರು, ನಾನು ಅವರನ್ನೇ ತಿದ್ದಲು ಹೋದೆ.

ಎರಡನೇ ಬಾಟಲಿಯೂ ಹಾಗೆಯೇ. ಮೂರನೆಯದನ್ನು ಮಂಜುಗಡ್ಡೆಯ ಬಕೆಟ್ಟಿನಿಂದ ಎತ್ತಿದಾಗ ನೆನೆದಿದ್ದ ಬೆಲೆಯ ಚೀಟಿ ನನ್ನ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಅದರ ಕೆಳಗೆ ದಿನಾಂಕ. ಬಳಸಬೇಕಾದ ಕೊನೆಯ ತಿಂಗಳು ಜನವರಿ. ಉಳಿದ ಬಾಟಲಿಗಳ ಚೀಟಿಯನ್ನೂ ಉಗುರಿನಿಂದ ಕೆರೆದೆ. ಆರಕ್ಕೆ ಆರೂ ಜನವರಿ. ಆರಕ್ಕೆ ಆರರಲ್ಲೂ ಚೀಟಿ ಸರಿಯಾಗಿ ದಿನಾಂಕದ ಮೇಲೆಯೇ.

ಮರುದಿನ ಬೆಳಿಗ್ಗೆ ತೆರೆಯದ ನಾಲ್ಕು ಬಾಟಲಿ ಹಿಡಿದು ಆ ಅಂಗಡಿಯವನ ಬಳಿ ಹೋದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ.

"ಬೀರು ಹಳೆಯದಾದಷ್ಟೂ ರುಚಿ ಏರುತ್ತದೆ ಸಾರ್, ವೈನ್ ಇದ್ದ ಹಾಗೆ."

"ಚೀಟಿ ನಾವು ಅಂಟಿಸಿದ್ದಲ್ಲ. ಮೇಲಿನಿಂದಲೇ ಹಾಗೆ ಬಂದಿದೆ."

"ಕಹಿ ಎನ್ನುತ್ತೀರಿ. ಬೀರು ಮತ್ತೇನು ಸಿಹಿಯಾಗಿರುತ್ತದೆಯೇ?"

"ಬಿಲ್ ಎಲ್ಲಿ?" ಬಿಲ್ಲನ್ನು ಕೊಡದವನೇ ಬಿಲ್ ಕೇಳುತ್ತಿದ್ದಾನೆ!

ಕೊನೆಗೆ, "ಕುಡಿದವರಿಗೆ ಏನಾದರೂ ಆಯಿತೇ? ಇಲ್ಲವಲ್ಲ, ಬಿಡಿ ಸಾರ್."

ಏನೂ ಆಗಲಿಲ್ಲ, ನಿಜ. ಆದರೆ ನಾನು ಹಣ ಕೊಟ್ಟದ್ದು ಹಾಪ್ಸ್ ಪರಿಮಳಕ್ಕೆ, ಆ ಪರಿಮಳವೇ ಅದರಲ್ಲಿ ಇರಲಿಲ್ಲ. ವೈನ್ ಇದ್ದ ಹಾಗಂತೆ! ಈ ಬೀರಿಗೆ ಕಹಿ ಬರುವುದು ಹಾಪ್ಸನ್ನು ಕುದಿಸಿದಾಗ. ಪರಿಮಳ ಬರುವುದು ಕೊನೆಗೆ ಹಾಕಿದ, ಅನೇಕ ಸಲ ಹುದುಗು ಬಂದ ಮೇಲೆ ಹಾಕಿದ ಹಾಪ್ಸ್‌ನ ಎಣ್ಣೆಯಂಶದಿಂದ. ದಿನ ಕಳೆದಂತೆ ಮೊದಲು ಹಾರಿಹೋಗುವುದು ಆ ಪರಿಮಳವೇ. ಆಮೇಲೆ ಉಳಿಯುವುದು ಒರಟು ಕಹಿ ಮತ್ತು ಮಂಕಾದ ಜೇನಿನ ವಾಸನೆ, ಆ ರಾತ್ರಿ ನಾನು ಹೊಗಳಿದ ಅದೇ ಜೇನು. ಬೀರು ತಯಾರಿಸುವವರಲ್ಲಿ ಒಂದು ಸ್ಥೂಲ ಲೆಕ್ಕವಿದೆ: 32 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಆಗುವ ಹಾನಿಯೇ 22 ಡಿಗ್ರಿಯಲ್ಲಿ 30 ದಿನಕ್ಕೆ, ಮೂರು ಡಿಗ್ರಿಯಲ್ಲಿ 300 ದಿನಕ್ಕೆ ಆಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಆ ಗಾಜಿನ ಕಪಾಟಿನ ಒಳಗೆ ಎಷ್ಟಿರುತ್ತದೆ? ಕಂದು ಗಾಜು ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಬಿಸಿಲಿನ ಕಾವನ್ನು ತಡೆಯುವುದಿಲ್ಲ.

ದೊಡ್ಡ ಊರುಗಳಲ್ಲಿ ಮಾರಾಟವಾಗದೆ ಉಳಿದದ್ದನ್ನು ನಮ್ಮ ಕಡೆಗೆ ತಳ್ಳುತ್ತಾರೆಂಬ ಗುಮಾನಿ ನನಗಿದೆ. ಇಲ್ಲಿನವರಿಗೆ ರುಚಿ ಗೊತ್ತಿಲ್ಲ ಎಂಬ ಧೈರ್ಯ. ಭಾವನವರಿಗೆ ಗೊತ್ತಾಯಿತಲ್ಲ!

ಆದ್ದರಿಂದ ಕಪಾಟಿನ ಬಾಟಲಿ ಬೇಡ, ಫ್ರಿಜ್ಜಿನಲ್ಲಿ ಇಟ್ಟದ್ದನ್ನೇ ಕೇಳಿ. ಚೀಟಿ ಇದ್ದರೆ ಅಂಗಡಿಯವನ ಎದುರೇ ಕಿತ್ತು ದಿನಾಂಕ ಓದಿ. ಅವಧಿ ಮುಗಿದಿರದಿದ್ದರೂ ತಯಾರಾಗಿ ಮೂರು ನಾಲ್ಕು ತಿಂಗಳು ದಾಟಿದ್ದರೆ ನಾನಂತೂ ಕೊಳ್ಳುವುದಿಲ್ಲ. ಬಿಲ್ ಕೊಡದಿದ್ದರೆ ಹಣ ಕೊಡಬೇಡಿ, ಅದೆಷ್ಟೇ ಹೊಗಳಲಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಹಣ ಕಳುಹಿಸಿದ ದಾಖಲೆ, ನಾಲ್ಕು ಬಾಟಲಿ, ಕಿತ್ತ ಚೀಟಿಗಳು ನನ್ನ ಬಳಿ ಇವೆ.

ನಿನ್ನೆ ಸಂಜೆ ಆ ಅಂಗಡಿಯ ಮುಂದೆ ಹಾದುಹೋದೆ. ಅದೇ ಕಪಾಟು, ಅದೇ ಬಾಟಲಿಗಳು. ಬೆಲೆಯ ಚೀಟಿ ಮಾತ್ರ ಹೊಸದು, ಈ ಸಲ ಇನ್ನೂ ಅಗಲವಾಗಿದೆ.