ಹಾಫ್ ಡಾಲರ್ ಬಾಕ್ಸ್: 2000 ನಾಣ್ಯ ತಿರುವಿ ಹಾಕಿದ ಮೇಲೆ

ಬ್ಯಾಂಕಿನಿಂದ ಹಾಫ್ ಡಾಲರ್ ನಾಣ್ಯದ ಬಾಕ್ಸ್ ತರಿಸಿಕೊಂಡು ಅದರಲ್ಲಿ ಬೆಳ್ಳಿ ಹುಡುಕುವ ಹುಚ್ಚು ಅಮೆರಿಕದಲ್ಲಿ ತುಂಬ ಜನಕ್ಕಿದೆ. ಇಲ್ಲಿ ನ್ಯೂಜೆರ್ಸಿಗೆ ಬಂದ ಮೇಲೆ ನನಗೂ ಅಂಟಿಕೊಂಡಿತು. ಎರಡು ಬಾಕ್ಸ್ ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ಲೆಕ್ಕ ಇಷ್ಟೇ. 1964ರವರೆಗಿನ ಹಾಫ್ ಡಾಲರಿನಲ್ಲಿ 90% ಬೆಳ್ಳಿ, 1965ರಿಂದ 1970ರವರೆಗಿನದರಲ್ಲಿ 40%. ಆಮೇಲೆ ಚಲಾವಣೆಗೆ ಬಂದದ್ದರಲ್ಲಿ ಬರೀ ತಾಮ್ರ, ನಿಕಲ್. ಡೈಮ್ (10 ಸೆಂಟ್), ಕ್ವಾರ್ಟರ್‌ (25 ಸೆಂಟ್) ನಾಣ್ಯಗಳ ಬೆಳ್ಳಿ 1964ಕ್ಕೇ ಮುಗಿದುಹೋಯ್ತು, ಇದಕ್ಕೆ ಮಾತ್ರ ಇನ್ನೂ ಆರು ವರ್ಷ ಸಿಕ್ಕಿತು, ಜೊತೆಗೆ ಅಂಗಡಿಗಳಲ್ಲಿ ಹಾಫ್ ಡಾಲರ್ ಕೊಡುವವರೇ ಅಪರೂಪ, ಅದಕ್ಕೇ ಎಲ್ಲರ ಕಣ್ಣು ಇದರ ಮೇಲೆ.

ಒಂದು ಬಾಕ್ಸ್ ಅಂದರೆ ಕಾಗದದಲ್ಲಿ ಸುತ್ತಿದ 50 ರೋಲ್, ರೋಲಿಗೆ 20 ನಾಣ್ಯ, ಒಟ್ಟು 500 ಡಾಲರ್. ಖಾತೆ ಇದ್ದದ್ದರಿಂದ ನಮ್ಮ ಬ್ಯಾಂಕಿನವರು ಶುಲ್ಕ ಕೇಳಲಿಲ್ಲ. ಆದರೆ "ಇಷ್ಟೊಂದು ಯಾಕೆ?" ಅಂತ ಎರಡು ಸಲ ಕೇಳಿದರು, ಒಂದು ವಾರ ಕಾಯಿಸಿದರು. ಬಂದ ಬಾಕ್ಸ್ 11 ಕೆಜಿಗಿಂತ ಜಾಸ್ತಿ. 20 ಪೌಂಡಿನ ಸೋನಾ ಮಸೂರಿ ಚೀಲಕ್ಕಿಂತ ಭಾರ, ನೋಡೋಕೆ ಮಾತ್ರ ಚಿಕ್ಕದು. ಸುಮ್ನೆ ಒಂದೇ ಕೈಯಲ್ಲಿ ಎತ್ತಲು ಹೋಗಿ ಮುಖಭಂಗ ಮಾಡಿಕೊಳ್ಳಬೇಡಿ.

ಒಂದೊಂದೇ ಇಸವಿ ಓದುತ್ತಾ ಕೂರಬೇಕಿಲ್ಲ. ರೋಲ್ ಬಿಚ್ಚಿ, 20 ನಾಣ್ಯವನ್ನೂ ಒಟ್ಟಿಗೆ ಮಲಗಿಸಿ ಅಂಚು ನೋಡಿದರೆ ಸಾಕು. ಹೊಸದರ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಎದ್ದು ಕಾಣುತ್ತದೆ. 90% ಇದ್ದರೆ ಅಂಚೆಲ್ಲ ಬೆಳ್ಳಗೆ. ತೊಂದರೆ ಕೊಡುವುದು 40% ನಾಣ್ಯ. ಅದರ ಗೆರೆ ಮಬ್ಬಾಗಿ, ಬೂದು ಬಣ್ಣಕ್ಕಿರುತ್ತದೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನಾನು ಎಷ್ಟನ್ನು ಬಿಟ್ಟಿದ್ದೇನೋ! ಅನುಮಾನ ಬಂದದ್ದನ್ನು ಅಡುಗೆಮನೆ ತಕ್ಕಡಿಗೆ ಹಾಕುತ್ತೇನೆ. ಮಾಮೂಲಿಯದು 11.34 ಗ್ರಾಂ, 90% ಆದರೆ 12.5, ಗೊತ್ತಾಗುತ್ತದೆ. 40% ನಾಣ್ಯ ಬರೀ 11.5, ಅಲ್ಲಿ ನಮ್ಮ ತಕ್ಕಡಿಯೂ ಕೈಚೆಲ್ಲುತ್ತದೆ, ಆಗ ಇಸವಿಯೇ ಗತಿ.

ಮೊದಲ ಬಾಕ್ಸಿನಲ್ಲಿ ಸೊನ್ನೆ. 1971ರಿಂದ ಈಚಿನದೇ ಎಲ್ಲ. ಊಟದ ಟೇಬಲ್ ಮೇಲೆ ರಾಶಿ ನೋಡಿ ನಮ್ಮ ಮನೆಯವಳು, "ಏನ್ರೀ, ಹುಂಡಿ ಎಣಿಸ್ತಿದ್ದೀರಾ?" ಅಂದಳು. ಎರಡನೆಯದರ 38ನೇ ರೋಲಿನಲ್ಲಿ ಒಂದೇ ಒಂದು 1967. ಅದರಲ್ಲಿರುವ ಬೆಳ್ಳಿ ಸುಮಾರು 4.6 ಗ್ರಾಂ, ಅಷ್ಟೇ. ಇನ್ನೊಂದು ರೋಲಿನಲ್ಲಿ 19 ನಾಣ್ಯವೇ ಇತ್ತು, ಆ ಅರ್ಧ ಡಾಲರ್ ನನ್ನ ತಲೆಗೆ.

ವಾಪಸ್ ಕಟ್ಟುವುದು ಇನ್ನೊಂದು ಗೋಳು. ತಂದ ಬ್ಯಾಂಕಿಗೇ ಬಿಡಿ ನಾಣ್ಯ ಒಯ್ದರೆ ಮುಖ ಸಿಂಡರಿಸಿದರು, ತಪ್ಪೂ ಅಲ್ಲ ಬಿಡಿ, ಎಣಿಸುವವರು ಅವರೇ ಅಲ್ವಾ. ಈಗ ನಾಣ್ಯ ಎಣಿಸುವ ಮೆಷಿನ್ ಇರುವ ಬೇರೆ ಬ್ಯಾಂಕಿನಲ್ಲಿ ಇದಕ್ಕೆಂದೇ ಖಾತೆ ತೆರೆದಿದ್ದೇನೆ.

ನಿಜವಾದ ಲಾಭ ಬಂದದ್ದು ಬಾಕ್ಸಿನಿಂದ ಅಲ್ಲ. ಒಂದು ದಿನ ಕೌಂಟರಿನಲ್ಲಿ, "ಯಾರಾದರೂ ಕಟ್ಟಿಹೋದ ಹಾಫ್ ಡಾಲರ್ ಇದೆಯಾ?" ಅಂತ ಕೇಳಿದೆ. ಕೌಂಟರಿನಲ್ಲಿದ್ದಾಕೆ ಡ್ರಾಯರ್ ತಡಕಾಡಿ ಮೂರು ರೋಲ್ ತೆಗೆದರು. ಮೆಷಿನ್ ಸುತ್ತಿದ್ದಲ್ಲ, ಮನೆಯಲ್ಲಿ ಕೈಯಲ್ಲಿ ಸುತ್ತಿ ತುದಿ ಮಡಚಿದ್ದು, ಕಾಗದ ಹಳದಿಯಾಗಿತ್ತು. ಕಾರಿನಲ್ಲೇ ಬಿಚ್ಚಿದೆ. ಮೂರು 40%, ಆಮೇಲೆ ಒಂದು 1964! ಬೆರಳಿನ ತುದಿಯಲ್ಲಿಟ್ಟು ಉಗುರಿನಿಂದ ತಟ್ಟಿದರೆ ಠಣ್ ಅಂತ ಎಳೆದ ಸದ್ದು, ನಮ್ಮಜ್ಜಿ ಲಕ್ಷ್ಮೀಪೂಜೆಗೆ ಇಡುತ್ತಿದ್ದ ಜಾರ್ಜ್ ರಾಜನ ರೂಪಾಯಿ ನೆನಪಾಯ್ತು. 30 ಡಾಲರಿಗೆ ನಾಲ್ಕು ಬೆಳ್ಳಿ, ಅದೂ ಬೆನ್ನು ನೋಯಿಸಿಕೊಳ್ಳದೆ.

ಬಾಕ್ಸಿಗೆ ಐದಕ್ಕೆ ಎರಡು ಸ್ಟಾರ್. ಹಾಕಿದ ದುಡ್ಡು ಹೋಗುವುದಿಲ್ಲ, ಪೆಟ್ರೋಲು, ಎರಡು ಸಂಜೆ ಹೋಗುತ್ತದೆ. ಕೌಂಟರಿನ ಡ್ರಾಯರಿಗೆ ನಾಲ್ಕು. ಶನಿವಾರ ಬೆಳಿಗ್ಗೆ ಹೋಗಬೇಡಿ, ಹಿಂದೆ ಕ್ಯೂ ನಿಂತವರು ನುಂಗುವ ಹಾಗೆ ನೋಡುತ್ತಾರೆ.