ಬ್ಯಾಟರಿ ಸೈಕಲ್ಲಾ, ಲೈಸೆನ್ಸ್ ಬೇಡದ ಸ್ಕೂಟರಾ, ಹಸಿರು ನಂಬರ್ ಪ್ಲೇಟಿನ ಸ್ಕೂಟರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬ್ಯಾಟರಿ ಸೈಕಲ್ಲಿಗೆ. ನಮ್ಮವರಲ್ಲಿ ಈಗ ಮೂರೂ ಇವೆ, ಮೂರೂ ಬ್ಯಾಟರಿಯವೇ. ಸೈಕಲ್ಲು ನನ್ನದು, ಲೈಸೆನ್ಸ್ ಬೇಡದ ಪುಟ್ಟ ಸ್ಕೂಟರು ಅಕ್ಕನ ಮಗಳದ್ದು, ರಿಜಿಸ್ಟರ್ ಆದ, ಹಸಿರು ನಂಬರ್ ಪ್ಲೇಟಿನ ಸ್ಕೂಟರು ತಮ್ಮನದು. ಹಾಸನದ ಸಾಲಗಾಮೆ ರಸ್ತೆಯಲ್ಲಿ, ಮಹಾರಾಜ ಪಾರ್ಕಿನ ಅಕ್ಕಪಕ್ಕ, ಕಟ್ಟಿನಕೆರೆ ಮಾರ್ಕೆಟ್ಟಿನ ಗದ್ದಲದಲ್ಲಿ ಮೂರನ್ನೂ ಓಡಿಸಿದ್ದೇನೆ. ಚಾರ್ಜ್, ಮೈಲೇಜಿನ ಲೆಕ್ಕ ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿ ಸರಿಯಾಗಿ ಹೇಳದೇ ಇರುವುದು ಕಾನೂನು.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಿನಾಯಿತಿ ಸಿಗಬೇಕಾದರೆ ಬ್ಯಾಟರಿ ಗಾಡಿಯ ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ಹೀಗಿದ್ದರೆ ಅದು ಮೋಟಾರು ವಾಹನವೇ ಅಲ್ಲ. ರಿಜಿಸ್ಟ್ರೇಷನ್, ಲೈಸೆನ್ಸ್, ಇನ್ಶೂರೆನ್ಸ್ ಯಾವುದೂ ಬೇಡ.

ಭಾವ ಇದನ್ನೇ ನಂಬಿ ಪಿಯುಸಿ ಓದುವ ಮಗಳಿಗೆ ಪುಟ್ಟ ಸ್ಕೂಟರು ಕೊಡಿಸಿದರು. ಡೆಲಿವರಿ ದಿನ ಅಂಗಡಿಯವನು, "ಇಪ್ಪತ್ತೈದಕ್ಕೆ ಲಾಕ್ ಇರುತ್ತೆ ಸಾರ್, ಆ ವೈರ್ ತೆಗೆದಿದ್ದೀವಿ, ಆರಾಮಾಗಿ ಓಡುತ್ತೆ" ಅಂದನಂತೆ. ಏನೋ ಉಪಕಾರ ಮಾಡಿದ ಹಾಗೆ! ತಮ್ಮನ ಸ್ಕೂಟರಿನಲ್ಲಿ ಅವಳ ಹಿಂದೆಯೇ ಹೋಗಿ ನೋಡಿದೆ. ನಮ್ಮ ಮೀಟರು 40 ತೋರಿಸಿತು.

ಆ ಒಂದು ವೈರ್ ತೆಗೆದರೆ ವಿನಾಯಿತಿ ಹೋಯಿತು. ಗಾಡಿ ಮೋಟಾರು ವಾಹನವಾಯಿತು, ಅದೂ ನಂಬರಿಲ್ಲದ್ದು. ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡಲು ಇನ್ಶೂರೆನ್ಸ್ ಇಲ್ಲ, ಪೂರ್ತಿ ಭಾವನ ಜೇಬಿನಿಂದಲೇ ಹೋಗಬೇಕು. ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಹದಿನೆಂಟು ತುಂಬದವರು ಲೈಸೆನ್ಸ್ ಇಲ್ಲದೆ ಮೋಟಾರು ವಾಹನ ಓಡಿಸಿ ತಪ್ಪು ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಇದನ್ನು ಕೇಳಿ ಭಾವ ಗಾಬರಿಯಾದರು. ಅಂಗಡಿಯವನು ವೈರ್ ವಾಪಸ್ ಹಾಕಲು ಇವತ್ತು ನಾಳೆ ಅಂತ ಓಡಾಡಿಸಿದ. ಕೊನೆಗೆ ಬೇರೆ ಮೆಕ್ಯಾನಿಕ್ ಹತ್ತಿರ ಹಾಕಿಸಿದೆವು.

"ಮಾಮ, ಈಗ ಬಿ.ಎಂ. ರೋಡಲ್ಲಿ ಎಲ್ರೂ ಹಾರ್ನ್ ಹೊಡೀತಾರೆ" ಅಂತಾಳೆ ಹುಡುಗಿ. ಅವಳು ಹೇಳುವುದೂ ನಿಜ. ದೊಡ್ಡ ರಸ್ತೆಗೆ 25ರ ವೇಗ ಸಾಲದು. ಫುಟ್‌ಪಾತಿಗೆ ಹತ್ತಿಸೋಣ ಅಂದರೆ ಅಲ್ಲಿ ಅದು ಜಾಸ್ತಿ ವೇಗ. ಒಳರಸ್ತೆಗಳಿಗೆ ಮಾತ್ರ ಸರಿ.

ತಮ್ಮನ ಸ್ಕೂಟರಿನ ಬಗ್ಗೆ ದೂರಿಲ್ಲ. ಬೇಲೂರಿಗೆ ಹೋಗಿಬರುವವರು ಅದನ್ನೇ ತಗೊಳ್ಳಿ. ಬೆಲೆ ಲಕ್ಷದ ಆಸುಪಾಸು, ಅದು ನನ್ನ ಕೈಗೆಟುಕದು.

ನನ್ನ ಓಡಾಟ ಹಾಲು, ತರಕಾರಿ, ಲೈಬ್ರರಿ, ಅಷ್ಟೇ. ಅರ್ಧ ದಾರಿಯಲ್ಲಿ ವಾಕಿಂಗ್ ಮಾಡುವವರು, ಎಳನೀರಿನ ಗಾಡಿ, ಮಕ್ಕಳು. ಅಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬಹುದು. ನನಗೆ ಇದೇ ದೊಡ್ಡ ಅನುಕೂಲ. ಮೋಟಾರು ವಾಹನ ಅಲ್ಲ ಅಂದ ಮಾತ್ರಕ್ಕೆ ಫುಟ್‌ಪಾತು ನಮ್ಮದಾಗುವುದಿಲ್ಲ, ಅಲ್ವಾ? ಅದು ನಡೆಯುವವರದ್ದು.

ಒಂದು ಕಿರಿಕಿರಿ ಇದೆ. ಪೆಡಲ್ ನಿಲ್ಲಿಸಿದ ಮೇಲೂ ಮೋಟಾರು ಒಂದು ಕ್ಷಣ ಮುಂದಕ್ಕೆ ತಳ್ಳುತ್ತದೆ. ಪೆಡಲ್ ತಿರುಗುವುದನ್ನಷ್ಟೇ ನೋಡುವ ಅಗ್ಗದ ಸೆನ್ಸರುಗಳು ಹೀಗೆಯೇ. ಬ್ರೇಕ್ ಹಿಡಿದರೆ ಮೋಟಾರು ತಕ್ಷಣ ಆಫ್ ಆಗುವ ಸ್ವಿಚ್ ಇದೆಯಾ ಅಂತ ಕೊಳ್ಳುವಾಗಲೇ ನೋಡಿ. ನನ್ನದರಲ್ಲಿ ಇದೆ, ಹಾಗಾಗಿ ಬೆರಳು ಸದಾ ಬ್ರೇಕಿನ ಮೇಲೆ. ಪೆಡಲ್ ತುಳಿಯದೆಯೇ ಕೈಯಿಂದ ಮೋಟಾರು ಓಡಿಸುವ ಥ್ರಾಟಲನ್ನು ಜನರ ನಡುವೆ ಮುಟ್ಟುವುದೇ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಥ್ರಾಟಲ್ ಸೈಕಲ್ಲಿಗೆ ಬೇರೆಯದೇ ವರ್ಗ. ಪಾರ್ಕಿನ ಪಕ್ಕ ಓಡಿಸಿದ ಮೇಲೆ ಅದು ನ್ಯಾಯ ಅನ್ನಿಸಿತು.

ಅಕ್ಕಿ ಮೂಟೆ ತರಲು ಇದು ಆಗದು, ಅದಕ್ಕೆ ತಮ್ಮನಿಗೆ ಫೋನ್ ಮಾಡುತ್ತೇನೆ. ಸೈಕಲ್ಲು ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು, ಬ್ಯಾಟರಿ ಬಿಚ್ಚಿ ಮಹಡಿ ಮೇಲೆ ಚಾರ್ಜಿಗೆ ಹಾಕುತ್ತೇನೆ. ಪುಟ್ಟ ಸ್ಕೂಟರೇ ಬೇಕು ಅನ್ನುವವರು ಆ ಮಾಡೆಲ್ಲಿಗೆ ವಿನಾಯಿತಿ ಇದೆ ಅನ್ನುವ ಸರ್ಟಿಫಿಕೇಟಿನ ಕಾಪಿ ಕೇಳಿ ತಗೊಳ್ಳಿ, ವೈರ್ ಮುಟ್ಟಬಾರದು ಅಂತ ಬಿಲ್ಲಿನ ಮೇಲೇ ಬರೆಸಿ.